ಎರಡೇ ವರ್ಷದ ಶಿಷ್ಯರು, 1,300 ಗೆಲುವು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಎಂದರೆ ಎಲ್ಲರಿಗೂ ನೆನಪಾಗುವುದು ಡ್ಯೂಕ್ ವಿಶ್ವವಿದ್ಯಾಲಯದ ‘ಕೋಚ್ ಕೆ’. ಅವರು ಗೆದ್ದ ಪಂದ್ಯಗಳು 1,202. ಆದರೆ 1,300 ಪಂದ್ಯ ಗೆದ್ದ ಜೀನ್ ಬೆಸ್ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಮಿಸೌರಿ ರಾಜ್ಯದ ಪಾಪ್ಲರ್ ಬ್ಲಫ್ ಎಂಬ ಪುಟ್ಟ ಊರಿನ ತ್ರೀ ರಿವರ್ಸ್ ಕಾಲೇಜಿನಲ್ಲಿ ಬೆಸ್ 1970ರಿಂದ 2020ರವರೆಗೆ ಕೋಚ್ ಆಗಿದ್ದರು. ಅದು ಜೂನಿಯರ್ ಕಾಲೇಜು. ನಮ್ಮ ಪಿಯು ಥರ ಅಲ್ಲ; ಪದವಿಯ ಮೊದಲ ಎರಡು ವರ್ಷವನ್ನು ಕಡಿಮೆ ಫೀಸಿನಲ್ಲಿ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯ ಸೇರುವ ಜಾಗ. ಡಿಪ್ಲೊಮಾ ಮುಗಿಸಿ ನೇರವಾಗಿ ಬಿಇ ಮೂರನೇ ಸೆಮಿಸ್ಟರ್‌ಗೆ ಬಂದ ನನ್ನಂಥವರಿಗೆ ಈ ದಾರಿ ಹೊಸದಲ್ಲ.

ಇಂಥ ಕಾಲೇಜಿನ ಕೋಚ್ ಕೆಲಸ ವಿಚಿತ್ರ. ಮಾರ್ಕ್ಸ್ ಸಾಲದೆ ದೊಡ್ಡ ಕಾಲೇಜಿಗೆ ಹೋಗಲಾಗದವರು, ಯಾರ ಕಣ್ಣಿಗೂ ಬೀಳದವರು ಇಲ್ಲಿಗೆ ಬರುತ್ತಾರೆ. ಮೊದಲ ವರ್ಷ ಕಲಿಕೆ, ಎರಡನೇ ವರ್ಷ ಆಟ ಕುದುರುತ್ತದೆ, ಅಷ್ಟರಲ್ಲಿ ಹೊರಡುವ ಹೊತ್ತು. ಹೊರಡಬೇಕಾದರೆ ಪಾಠದಲ್ಲೂ ಪಾಸಾಗಿರಬೇಕು. ಹಾಗಾಗಿ ಕೋಚ್ ಶೂಟಿಂಗ್ ಜೊತೆ ಅಟೆಂಡೆನ್ಸನ್ನೂ ನೋಡಿಕೊಳ್ಳಬೇಕು. ಚೆನ್ನಾಗಿ ಕಲಿಸಿದಷ್ಟೂ ಹುಡುಗ ದೊಡ್ಡ ಕಾಲೇಜಿನ ಪಾಲಾಗುತ್ತಾನೆ. ಹೀಗೆ ಪದೇ ಪದೇ ಬದಲಾಗುವ ತಂಡಗಳನ್ನು ಕಟ್ಟಿಯೇ ಬೆಸ್ 1979 ಮತ್ತು 1992ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅವರ ಶಿಷ್ಯ ಲ್ಯಾಟ್ರೆಲ್ ಸ್ಪ್ರೆವೆಲ್ ಎನ್‌ಬಿಎ ತಾರೆಯಾದರು.

ಮಯಾಮಿ ಹೀಟ್ ತಂಡವನ್ನು 2020 ಮತ್ತು 2023ರ ಫೈನಲ್‌ಗೆ ಒಯ್ದ ಜಿಮ್ಮಿ ಬಟ್ಲರ್ ಕೂಡ ಮೊದಲು ಆಡಿದ್ದು ಟೆಕ್ಸಸ್‌ನ ಟೈಲರ್ ಜೂನಿಯರ್ ಕಾಲೇಜಿನಲ್ಲಿ. 1975ರ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಬಾಬ್ ಮ್ಯಾಕಡೂ ಶುರು ಮಾಡಿದ್ದು ಇಂಡಿಯಾನಾದ ವಿನ್ಸೆನ್ಸ್‌ನಲ್ಲಿ. ಆದರೆ ಇವರನ್ನು ಜನ ಗುರುತಿಸುವುದು ಆಮೇಲೆ ಸೇರಿದ ದೊಡ್ಡ ವಿಶ್ವವಿದ್ಯಾಲಯದ ಹೆಸರಿನಿಂದಲೇ.

ನಮ್ಮಲ್ಲೂ ಅಷ್ಟೇ. ‘ಲ್ಯಾಟರಲ್ ಎಂಟ್ರಿನಾ?’ ಎಂಬ ಪ್ರಶ್ನೆಯಲ್ಲೇ ಒಂದು ರಾಗ ಇರುತ್ತದೆ. ಅದೇ ಹುಡುಗನಿಗೆ ಪ್ಲೇಸ್‌ಮೆಂಟ್ ಆದರೆ ಫ್ಲೆಕ್ಸ್‌ನಲ್ಲಿ ಬಿಇ ಕಾಲೇಜಿನ ಹೆಸರು ದೊಡ್ಡದಾಗಿ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನಿಗೆ ಡ್ರಾಫ್ಟರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದ ಪಾಲಿಟೆಕ್ನಿಕ್ ಮೇಷ್ಟ್ರು ಅದರಲ್ಲಿ ಎಲ್ಲೂ ಇರುವುದಿಲ್ಲ.

2023ರಲ್ಲಿ ನೊವಿಟ್ಸ್‌ಕಿ, ಡ್ವೇನ್ ವೇಡ್ ಅವರಂಥ ದಿಗ್ಗಜರ ಜೊತೆಗೇ ಬೆಸ್ ಅವರೂ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ನಮ್ಮ ಮೇಷ್ಟ್ರುಗಳಿಗೆ ಹಾಲ್ ಆಫ್ ಫೇಮ್ ಬೇಡ. ಆಫರ್ ಲೆಟರ್ ಕೈಗೆ ಬಂದ ದಿನ ಒಂದು ಫೋನ್ ಮಾಡಿದರೆ ಸಾಕು.