ನೂರು ಗ್ರಾಂನ ಲೆಕ್ಕ

ಶೂ ಅಂಗಡಿಯಲ್ಲಿ ಓಟಗಾರರನ್ನು ಗುರುತಿಸುವುದು ಸುಲಭ. ಬೇರೆಯವರು ಬಣ್ಣ ನೋಡುತ್ತಾರೆ, ಕಾಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಓಟಗಾರರು ಮೊದಲು ಅದನ್ನು ಅಂಗೈ ಮೇಲಿಟ್ಟು ತೂಗುತ್ತಾರೆ. ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ವಾರಕ್ಕೊಂದು ದಿನ ಕಬ್ಬನ್ ಪಾರ್ಕಿನಲ್ಲೋ ಊರಿನ ಕಾಲೇಜು ಮೈದಾನದಲ್ಲೋ ಇಂಟರ್ವಲ್ (ನಡುನಡುವೆ ವಿರಾಮವಿಟ್ಟ ವೇಗದ ಓಟ) ಓಡಲು ಶುರುಮಾಡಿದವರಿಗಂತೂ ಈ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ. ದಿನಬಳಕೆಯ ಓಟದ ಶೂ ಸಾಮಾನ್ಯವಾಗಿ 280 ಗ್ರಾಂ ಆಸುಪಾಸು ಇರುತ್ತದೆ, ರೇಸಿಂಗ್ ಶೂ 200 ಗ್ರಾಂ. ಅಂಗೈಗೆ ಆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ವೇಗದ ಅಭ್ಯಾಸಕ್ಕೆ ಹಗುರ ಶೂ ಬೇಕೆನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತೂಕವನ್ನೇ ಮೊದಲ ಪ್ರಶ್ನೆ ಮಾಡಿಕೊಂಡವರು ಎರಡು ಕಡೆ ಎಡವುತ್ತಾರೆ: ಒಂದೋ ಮೆತ್ತೆಯೇ ಇಲ್ಲದ ತೆಳು ಶೂ ಕೊಂಡು ಮೀನಖಂಡ ನೋಯಿಸಿಕೊಳ್ಳುತ್ತಾರೆ, ಇಲ್ಲವೇ ದಾಖಲೆ ಮುರಿದವರ ಕಾಲಲ್ಲಿ ಕಂಡದ್ದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುರಿದು ಬರುತ್ತಾರೆ. ಹತ್ತು ಕಿಲೋಮೀಟರನ್ನು ಐವತ್ತರಿಂದ ಎಪ್ಪತ್ತು ನಿಮಿಷದಲ್ಲಿ ಮುಗಿಸುವ ಬಹುಪಾಲು ಓಟಗಾರರಿಗೆ ಬೇಕಿರುವುದು ಇವೆರಡರ ನಡುವೆ ಇರುವ, ಜಾಹೀರಾತಿನಲ್ಲಿ ಕಾಣದ, ಸಾದಾ ಹಗುರ ಶೂ.

ಮೊದಲು ತೂಕದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು, ಏಕೆಂದರೆ ಅದು ಸಣ್ಣದಲ್ಲ. ಸೊಂಟಕ್ಕೆ ಕಟ್ಟಿದ ನೂರು ಗ್ರಾಂ ಬೇರೆ, ಪಾದಕ್ಕೆ ಕಟ್ಟಿದ ನೂರು ಗ್ರಾಂ ಬೇರೆ. ಪಾದ ಇರುವುದು ಕಾಲೆಂಬ ಉದ್ದನೆಯ ಲೋಲಕದ ತುದಿಯಲ್ಲಿ. ಪ್ರತಿ ಹೆಜ್ಜೆಗೂ ಅದನ್ನು ಹಿಂದಿನಿಂದ ಎತ್ತಿ, ಮುಂದಕ್ಕೆ ಬೀಸಿ, ಮತ್ತೆ ತಡೆದು ನಿಲ್ಲಿಸಬೇಕು. ಗಂಟೆಯಲ್ಲಿ ಹತ್ತು ಕಿಲೋಮೀಟರ್ ಓಡುವವರು ಸುಮಾರು ಹತ್ತು ಸಾವಿರ ಹೆಜ್ಜೆ ಇಡುತ್ತಾರೆ, ಅಂದರೆ ಒಂದೊಂದು ಕಾಲಿಗೆ ಐದು ಸಾವಿರ. ಶೂ 80 ಗ್ರಾಂ ಹಗುರವಾದರೆ ಒಂದು ಕಾಲು ಆ ಗಂಟೆಯಲ್ಲಿ ಒಟ್ಟು ನಾಲ್ಕು ಕ್ವಿಂಟಲ್ ಭಾರ ಎತ್ತುವುದು ತಪ್ಪಿದಂತೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರಾಜರ್ ಕ್ರಾಮ್, ವೌಟರ್ ಹೂಗ್‌ಕಾಮರ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. 18 ಓಟಗಾರರ ಶೂಗಳೊಳಗೆ ಅವರಿಗೇ ತಿಳಿಯದಂತೆ ಸೀಸದ ಗುಂಡುಗಳನ್ನು ಸೇರಿಸಿ ಓಡಿಸಿದಾಗ, ಪ್ರತಿ 100 ಗ್ರಾಂಗೆ ದೇಹದ ಶಕ್ತಿವ್ಯಯ ಶೇ 1.1ರಷ್ಟು ಏರಿತು, 3,000 ಮೀಟರ್ ಓಟದ ಸಮಯ ಶೇ 0.78ರಷ್ಟು ಹೆಚ್ಚಿತು. 2016ರಲ್ಲಿ ಪ್ರಕಟವಾದ ಈ ಪ್ರಯೋಗದ ಪ್ರಮಾಣವನ್ನೇ ಹತ್ತು ಕಿಲೋಮೀಟರಿಗೂ ಹಿಡಿದರೆ, ಒಂದು ಗಂಟೆಯ ಓಟಗಾರರು 80 ಗ್ರಾಂ ಕಡಿಮೆ ಮಾಡಿಕೊಂಡು ಗಳಿಸುವುದು 22 ಸೆಕೆಂಡು. ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಅರ್ಧ ನಿಮಿಷ ಇಳಿಸಲು ಹೆಣಗುವವರಿಗೆ ಅದು ತಳ್ಳಿಹಾಕುವಂಥದ್ದಲ್ಲ.

ಹಾಗಿದ್ದರೆ ಶೂವನ್ನೇ ಬಿಟ್ಟು ಓಡಿದರೆ ಇನ್ನೂ ಒಳ್ಳೆಯದಲ್ಲವೇ? ಈ ಪ್ರಶ್ನೆಗೆ ಇತಿಹಾಸದ ಬೆಂಬಲವೂ ಇದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಮ್ಯಾರಥಾನ್ ಗೆದ್ದರು. ಅದೇ ಬಿಕಿಲ ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ಧರಿಸಿಯೇ ಓಡಿ, ಮೂರು ನಿಮಿಷ ಬೇಗ ಮುಗಿಸಿ ಎರಡನೇ ಬಾರಿ ಗೆದ್ದರು ಎಂಬುದನ್ನು ಮಾತ್ರ ಬರಿಗಾಲಿನ ವಾದಿಗಳು ಅಷ್ಟಾಗಿ ನೆನೆಯುವುದಿಲ್ಲ. ಒಬ್ಬರ ಎರಡು ಓಟಗಳಿಂದ ಏನೂ ಸಿದ್ಧವಾಗದು, ನಿಜ. ಆದರೆ ಕ್ರಾಮ್ ಅವರ ಪ್ರಯೋಗಾಲಯ 2012ರಲ್ಲಿ ಇದನ್ನೂ ಪರೀಕ್ಷಿಸಿತು. ಬರಿಗಾಲಿನ ಓಟಗಾರರ ಪಾದಕ್ಕೆ ಶೂವಿನಷ್ಟೇ ತೂಕದ ಸೀಸದ ಪಟ್ಟಿ ಕಟ್ಟಿದಾಗ, ಶೂ ತೊಟ್ಟವರ ಶಕ್ತಿವ್ಯಯವೇ ಕಡಿಮೆ ಬಂತು. ಕಾರಣ ಸರಳ: ನೆಲದ ಪೆಟ್ಟನ್ನು ಯಾರಾದರೂ ತಡೆಯಲೇಬೇಕು. ಫೋಮ್ ತಡೆಯದಿದ್ದರೆ ಕಾಲಿನ ಸ್ನಾಯುಗಳು ತಡೆಯುತ್ತವೆ, ಅದಕ್ಕೆ ಶಕ್ತಿ ತೆರುತ್ತವೆ. ಹಗುರತನದಿಂದ ಉಳಿಸಿದ್ದನ್ನು ಮೆತ್ತೆಯ ಕೊರತೆ ನುಂಗಿಹಾಕುತ್ತದೆ. ಚಪ್ಪಟೆ ಹಲಗೆಯಂಥ, ಅಂಗಾಲಿಗೆ ಪ್ರತಿ ಜಲ್ಲಿಕಲ್ಲೂ ತಾಗುವ 150 ಗ್ರಾಂನ ಶೂ ಅಂಗೈಯಲ್ಲಿ ಗೆದ್ದು ಎಂಟನೇ ಕಿಲೋಮೀಟರಿನಲ್ಲಿ ಸೋಲುವುದು ಇದರಿಂದಲೇ.

ಇಲ್ಲಿಂದ ಮುಂದೆ ಮಾತು ತೂಕವನ್ನು ಬಿಟ್ಟು ಫೋಮ್‌ಗೆ ಬರುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಓಟದ ಶೂ ಬದಲಾಗಿದ್ದು ಮುಖ್ಯವಾಗಿ ಅಲ್ಲೇ. ಹಳೆಯ ಶೂಗಳ ಮಿಡ್‌ಸೋಲ್, ಅಂದರೆ ಪಾದದ ಕೆಳಗಿನ ಮೆತ್ತೆಯ ಪದರ, ಇವಿಎ ಎಂಬ ಫೋಮ್‌ನದು. 2013ರಲ್ಲಿ ಅಡಿಡಾಸ್ ಬೂಸ್ಟ್ ಎಂಬ ಫೋಮ್ ತಂದಿತು. 2017ರಲ್ಲಿ ನೈಕಿಯ ವೇಪರ್‌ಫ್ಲೈ ಪೀಬಾ ಎಂಬ ಇನ್ನೂ ಹಗುರ, ಇನ್ನೂ ಪುಟಿಯುವ ಫೋಮ್ ಜೊತೆ ಬಂತು, ಒಳಗೆ ಕಾರ್ಬನ್ ಪ್ಲೇಟ್ ಇಟ್ಟುಕೊಂಡು. ಹೂಗ್‌ಕಾಮರ್ ತಂಡ ಇದರ ಮಾದರಿಯನ್ನು ಆಗಿನ ಎರಡು ಪ್ರಸಿದ್ಧ ರೇಸಿಂಗ್ ಶೂಗಳೊಂದಿಗೆ ಹೋಲಿಸಿತು. ಹಗುರ ಶೂಗಳಿಗೆ ಸೀಸ ಸೇರಿಸಿ ಮೂರರ ತೂಕವನ್ನೂ ಒಂದೇ ಮಾಡಿತ್ತು, ಎಂದರೆ ತೂಕದ ಲಾಭವನ್ನು ಲೆಕ್ಕದಿಂದ ತೆಗೆದೇ ಹಾಕಿತ್ತು. ಆಗಲೂ ವೇಪರ್‌ಫ್ಲೈ ಸರಾಸರಿ ಶೇ 4ರಷ್ಟು ಶಕ್ತಿ ಉಳಿಸಿತು. ಒತ್ತಿದ ಫೋಮ್ ವಾಪಸು ಕೊಟ್ಟ ಶಕ್ತಿ ಪೀಬಾದಲ್ಲಿ ಶೇ 87, ಬೂಸ್ಟ್‌ನಲ್ಲಿ ಶೇ 76, ಇವಿಎಯಲ್ಲಿ ಶೇ 66. ಜನ ಕಾರ್ಬನ್ ಪ್ಲೇಟನ್ನೇ ಮಾಂತ್ರಿಕ ಸ್ಪ್ರಿಂಗ್ ಎಂದುಕೊಂಡರು. ಮುಂದೆ ಹೂಗ್‌ಕಾಮರ್ ಮತ್ತು ಸಹೋದ್ಯೋಗಿ ಅದೇ ಶೂವಿನ ಪ್ಲೇಟನ್ನು ಅಡ್ಡಡ್ಡ ಕತ್ತರಿಸಿ ಓಡಿಸಿ ನೋಡಿದಾಗ ಶಕ್ತಿವ್ಯಯದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಡಬ್ಬಿಯ ಮೇಲೆ ‘ಕಾರ್ಬನ್’ ಎಂದು ಕಂಡ ಮಾತ್ರಕ್ಕೆ ಮಾರುಹೋಗುವುದಕ್ಕೆ ಆಧಾರವಿಲ್ಲ. ಸಾದಾ ಫೋಮ್‌ಗೆ ಗಟ್ಟಿ ಪ್ಲೇಟ್ ಸಿಕ್ಕಿಸಿದ ಅಗ್ಗದ ಶೂಗಳು ಮಾರುಕಟ್ಟೆಯಲ್ಲಿ ಹೆಚ್ಚುತ್ತಿರುವಾಗ ಇದನ್ನು ಒತ್ತಿ ಹೇಳಬೇಕಾಗಿದೆ.

ಅಷ್ಟು ಒಳ್ಳೆಯ ಫೋಮ್ ಇದ್ದಮೇಲೆ ಎಲ್ಲರೂ ಅದನ್ನೇ ಏಕೆ ಕೊಳ್ಳಬಾರದು? ಶೇ 4 ಬಂದದ್ದು ಗಂಟೆಗೆ 14, 16, 18 ಕಿಲೋಮೀಟರ್ ವೇಗದಲ್ಲಿ ಓಡಬಲ್ಲವರಿಂದ. ನಮ್ಮ ನಡುವಿನ ಹೆಚ್ಚಿನವರ ವೇಗ ಅದಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಿಧಾನದ ಓಟದಲ್ಲಿ ಇದೇ ಬಗೆಯ ಶೂವನ್ನು ಸಾದಾ ಫೋಮ್‌ನ ರೇಸಿಂಗ್ ಶೂ ಜೊತೆ ಹೋಲಿಸಿತು. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಸರಾಸರಿ ಉಳಿತಾಯ ಶೇ 1.4ಕ್ಕೆ, 10 ಕಿಲೋಮೀಟರ್ ವೇಗದಲ್ಲಿ ಶೇ 0.9ಕ್ಕೆ ಇಳಿಯಿತು. ಒಂದು ಗಂಟೆಯ ಹತ್ತು ಕಿಲೋಮೀಟರಿಗೆ ಅದು ಅರ್ಧ ನಿಮಿಷದೊಳಗಿನ ಮಾತು. ಎಚ್ಚರದ ಓದುಗರು ಇಲ್ಲಿ ನನ್ನನ್ನು ಹಿಡಿಯಬಹುದು: 80 ಗ್ರಾಂ ಕೊಡುವ 22 ಸೆಕೆಂಡಿಗೆ ಬೆಲೆ ಇದೆ ಎಂದವರು ಈ ಅರ್ಧ ನಿಮಿಷವನ್ನು ಏಕೆ ಹಗುರವಾಗಿ ಕಾಣುತ್ತೀರಿ? ನ್ಯಾಯವಾದ ಆಕ್ಷೇಪ. ಉತ್ತರ ಸರಾಸರಿಯ ಹಿಂದೆ ಅಡಗಿದೆ. ತೂಕದ ಲಾಭ ಹೆಚ್ಚುಕಡಿಮೆ ಎಲ್ಲರಿಗೂ ಸಿಗುತ್ತದೆ, ಫೋಮ್ ಮತ್ತು ಪ್ಲೇಟಿನ ಲಾಭ ಹಾಗಲ್ಲ. ಕೆನ್ಯಾದ ವಿಶ್ವದರ್ಜೆಯ ಓಟಗಾರರು ಮತ್ತು ಯುರೋಪಿನ ಹವ್ಯಾಸಿಗಳನ್ನು ಸೇರಿಸಿ 2023ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಒಬ್ಬ ಕೆನ್ಯಾ ಓಟಗಾರರಿಗೆ ಶೇ 11ರಷ್ಟು ಲಾಭ ತಂದ ಬಗೆಯ ಶೂ ಇನ್ನೊಬ್ಬರಿಗೆ ಅಷ್ಟೇ ನಷ್ಟ ತಂದಿತ್ತು. ನಿಮ್ಮ ಕಾಲು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ರಯೋಗಾಲಯದ ಉಸಿರಿನ ಮುಖವಾಡ ಹಾಕಿಕೊಳ್ಳದೆ ಹೇಳಲು ಬರುವುದಿಲ್ಲ. ಬಾಳಿಕೆಯ ಮಾತೂ ಇದೆ. ಪೀಬಾ ಹೊಸದಾಗಿದ್ದಾಗ ಇವಿಎಯನ್ನು ಮೀರಿಸುತ್ತದೆ. 450 ಕಿಲೋಮೀಟರ್ ಓಡಿದ ಮೇಲೆ ಆ ಮೇಲುಗೈ ಉಳಿಯಲಿಲ್ಲವೆಂದು ಪರೀಕ್ಷಿಸಿದವರು ಕಂಡಿದ್ದಾರೆ. ವಾರಕ್ಕೆ ಹದಿನೈದು ಕಿಲೋಮೀಟರ್ ವೇಗದ ಓಟಕ್ಕೆ ಅದನ್ನೇ ಬಳಸಿದರೆ ಏಳು ತಿಂಗಳೊಳಗೆ ಇಪ್ಪತ್ತು ಸಾವಿರದ ಶೂ ಸಾದಾ ಶೂವಿಗೆ ಸಮವಾಗುತ್ತದೆ. ಸಾದಾ ಹಗುರ ಶೂ ಅದರ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ಸಿಗುತ್ತದೆ, ಹಿಂದಿನ ವರ್ಷದ ಮಾದರಿಯಾದರೆ ಇನ್ನೂ ಅಗ್ಗ.

2023ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮುರಿದಾಗ ಅವರ ಕಾಲಲ್ಲಿದ್ದ ಅಡಿಡಾಸ್ ಶೂ ತೂಗುತ್ತಿದ್ದದ್ದು 138 ಗ್ರಾಂ. ಹಗುರತನದ ವಾದಕ್ಕೆ ಇದೊಂದು ಸಾಕ್ಷಿ. ಆ ಶೂವಿನ ಬೆಲೆ ಆಗ 500 ಡಾಲರ್ ಇತ್ತು. ಕಾಲಿಗೆ ಹೊಂದಿಸಿಕೊಳ್ಳುವ ಓಟ ಬಿಟ್ಟರೆ ಒಂದು ಮ್ಯಾರಥಾನಿಗೆಂದೇ ತಯಾರಾದದ್ದು ಎಂದು ಕಂಪನಿಯೇ ಹೇಳಿತ್ತು. ಅಸೆಫ ಓಡಿದ್ದು ಗಂಟೆಗೆ 19 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಬರ್ಲಿನ್‌ನ ನುಣುಪು ರಸ್ತೆಯಲ್ಲಿ, ವರ್ಷಗಳಿಂದ ಪಳಗಿದ ಕಾಲುಗಳಲ್ಲಿ. ಅವರ ಆಯ್ಕೆ ಅವರ ಕೆಲಸಕ್ಕೆ ಸರಿಯಾಗಿತ್ತು. ಮಂಗಳವಾರ ಆರು ಬಾರಿ 400 ಮೀಟರ್ ಓಡಿ ಕಚೇರಿಗೆ ಹೊರಡುವವರ ಕೆಲಸ ಬೇರೆ.

ಹಗುರ ಶೂ ಗಾಯ ತರುತ್ತದೆ ಎನ್ನುವ ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ಒಪ್ಪುತ್ತೇನೆ. ತೆಳು ಸೋಲ್, ಹಿಮ್ಮಡಿ ಮತ್ತು ಮುಂಗಾಲಿನ ಎತ್ತರದಲ್ಲಿ ಕಡಿಮೆ ಅಂತರ, ಅಂದರೆ ಓಟಗಾರರು ‘ಡ್ರಾಪ್’ ಎನ್ನುವುದು ಕಡಿಮೆಯಿರುವ ಶೂಗಳು ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿಗೂ ಹೆಚ್ಚು ಕೆಲಸ ಕೊಡುತ್ತವೆ. ಆಸ್ಟ್ರೇಲಿಯಾದಲ್ಲಿ 61 ಓಟಗಾರರನ್ನು 26 ವಾರ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ತೆಳು ಶೂ ಧರಿಸಿದವರ ಪೈಕಿ ದೇಹದ ತೂಕ ಹೆಚ್ಚಿದ್ದವರಿಗೆ ಗಾಯದ ಅಪಾಯ ಏರಿತು. ವಾರಕ್ಕೆ 35 ಕಿಲೋಮೀಟರ್ ಮೀರಿದವರಿಗೆ ನೋವು ಹೆಚ್ಚಾಯಿತು. ಕಾರ್ಬನ್ ಪ್ಲೇಟಿನ ಎತ್ತರದ ಶೂಗಳೂ ನಿರಪಾಯವಲ್ಲ. ಅವುಗಳಲ್ಲಿ ಓಡಿದ ಐವರ ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆಗೆ ಒತ್ತಡದ ಗಾಯವಾದುದನ್ನು ವೈದ್ಯರು 2023ರಲ್ಲಿ ದಾಖಲಿಸಿದರು. ಇವುಗಳಿಂದ ನನಗೆ ತಿಳಿಯುವುದು ಹಗುರ ಶೂ ಬೇಡವೆಂದಲ್ಲ, ಅದನ್ನು ದಿನವೂ ಹಾಕಬೇಡಿ ಎಂದು. ಲಕ್ಸೆಂಬರ್ಗಿನ ಸಂಶೋಧಕರು 264 ಹವ್ಯಾಸಿ ಓಟಗಾರರನ್ನು 22 ವಾರ ಹಿಂಬಾಲಿಸಿದಾಗ, ಒಂದಕ್ಕಿಂತ ಹೆಚ್ಚು ಜೊತೆಯನ್ನು ಬದಲಿಸಿ ಬಳಸಿದವರಲ್ಲಿ ಗಾಯದ ಅಪಾಯ ಶೇ 39 ಕಡಿಮೆ ಇತ್ತು. ಎರಡು ಜೊತೆ ಇಟ್ಟುಕೊಂಡವರು ಬೇರೆ ರೀತಿಯಲ್ಲೂ ಜಾಗರೂಕರಾಗಿದ್ದಿರಬಹುದು, ಅದನ್ನು ಈ ಅಂಕಿ ಬೇರ್ಪಡಿಸುವುದಿಲ್ಲ. ಆದರೂ ಬೇರೆ ಬೇರೆ ಶೂ ಬೇರೆ ಬೇರೆ ಸ್ನಾಯುಗಳಿಗೆ ಭಾರ ಹಂಚುತ್ತದೆ ಎಂಬುದು ತರ್ಕಕ್ಕೆ ಹೊಂದುತ್ತದೆ. ಎರಡನೇ ಜೊತೆ ಐಷಾರಾಮವೆನ್ನುವವರಿಗೆ ಇಷ್ಟೇ ಹೇಳಬಹುದು: ಎರಡು ಜೊತೆ ಒಟ್ಟಿಗೆ ಸವೆಯುವುದಿಲ್ಲ, ಒಂದೊಂದೂ ಹೆಚ್ಚು ಕಾಲ ಬರುತ್ತದೆ. ಹೊಸ ಹಗುರ ಶೂವಿಗೆ ಕಾಲನ್ನು ಮೆಲ್ಲಗೆ ಒಗ್ಗಿಸಿ: ಮೊದಲ ವಾರ ಓಟದ ಕೊನೆಗೆ ನೂರು ನೂರು ಮೀಟರಿನ ನಾಲ್ಕು ವೇಗದ ಓಟ, ಆಮೇಲೆ ವಾರಕ್ಕೊಂದು ಇಂಟರ್ವಲ್, ಒಂದು ತಿಂಗಳ ನಂತರ ಟೆಂಪೊ ಓಟ, ಅಂದರೆ ಬಿಡುವಿಲ್ಲದೆ ಒಂದೇ ಸಮನೆ ವೇಗವಾಗಿ ಓಡುವುದು. ಮೀನಖಂಡ ಮರುದಿನ ಮೆಟ್ಟಿಲಿಳಿಯುವಾಗ ದೂರಿದರೆ ಒಂದು ಹೆಜ್ಜೆ ಹಿಂದೆ.

ಇನ್ನು ಅಂಗಡಿಯಲ್ಲಿ ಏನು ನೋಡಬೇಕು? ಎಲ್ಲಕ್ಕಿಂತ ಮೊದಲು ಅಳತೆ. ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಓಟದ ನಡುವೆಯೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ರೇಸಿಂಗ್ ಶೂಗಳು ಸಾಮಾನ್ಯವಾಗಿ ಮುಂದೆ ಚೂಪು. ಚಪ್ಪಲಿ ಹಾಕಿಯೇ ಬೆಳೆದ, ಬೆರಳುಗಳು ಹರಡಿಕೊಂಡ ಅಗಲ ಪಾದದವರು ಕಿರುಬೆರಳು ಒತ್ತುವುದನ್ನು ‘ಹಾಕುತ್ತಾ ಸಡಿಲವಾಗುತ್ತದೆ’ ಎಂಬ ಮಾರಾಟಗಾರರ ಮಾತು ನಂಬಿ ಸಹಿಸಿಕೊಳ್ಳಬಾರದು. ಹಿಮ್ಮಡಿ ಒಳಗೆ ಜಾರಬಾರದು. ಆಮೇಲೆ ಒಂಟಿ ಕಾಲಲ್ಲಿ ನಿಂತು ನೋಡಿ. ತೀರ ಎತ್ತರದ, ತೀರ ಮೆತ್ತನೆಯ ಶೂವಿನಲ್ಲಿ ಪಾದ ಅತ್ತಿತ್ತ ತೂಗಿದರೆ, ಗುಂಡಿಬಿದ್ದ ರಸ್ತೆ ಮತ್ತು ಎದ್ದ ಚಪ್ಪಡಿಗಳ ಫುಟ್‌ಪಾತ್ ಮೇಲೆ ತಿರುವು ತೆಗೆದುಕೊಳ್ಳುವಾಗ ಇನ್ನೂ ತೂಗುತ್ತದೆ. ತೂಕದ ಸರದಿ ಇಷ್ಟಾದ ಮೇಲೆ. ಕಂಪನಿಗಳು ಹೇಳುವ ತೂಕ ಒಂದು ನಿಗದಿತ ಅಳತೆಯದು, ಪುರುಷರ ಶೂಗಳಲ್ಲಿ ಸಾಮಾನ್ಯವಾಗಿ ಅಮೆರಿಕದ 9ನೇ ನಂಬರಿನದು. ನಿಮ್ಮ ಶೂ ಅದಕ್ಕಿಂತ ದೊಡ್ಡದಾದರೆ ಭಾರವೂ ಹೆಚ್ಚು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನಿಮ್ಮ ಈಗಿನ ಶೂ ತೂಗಿಕೊಂಡು ಹೋಗಿ. ಅದಕ್ಕಿಂತ 50ರಿಂದ 80 ಗ್ರಾಂ ಕಡಿಮೆ ಇದ್ದು ಮೆತ್ತೆ ಉಳಿಸಿಕೊಂಡ ಶೂ ಸಿಕ್ಕರೆ ಸಾಕು. ಅದಕ್ಕೂ ಕೆಳಗೆ ಇಳಿಸಿದ ಪ್ರತಿ ಹತ್ತು ಗ್ರಾಂಗೂ ಏನನ್ನು ತೆಗೆದಿದ್ದಾರೆ ಎಂದು ಕೇಳಿ: ಸೋಲಿನ ರಬ್ಬರೇ, ಹಿಮ್ಮಡಿಯ ಆಧಾರವೇ, ಫೋಮೇ? ಕರಾವಳಿ, ಮಲೆನಾಡಿನವರಿಗೆ ರಬ್ಬರಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಮಳೆಗೆ ಪಾಚಿ ಹಿಡಿದ ಡಾಂಬರಿನ ಮೇಲೆ ಬರೀ ಫೋಮ್ ಜಾರುತ್ತದೆ, ನೀರು ಹೀರುವ ದಪ್ಪ ಬಟ್ಟೆಯ ಶೂ ಮತ್ತು ಹತ್ತಿಯ ಕಾಲುಚೀಲ ನೀವು ದುಡ್ಡು ಕೊಟ್ಟು ಇಳಿಸಿಕೊಂಡ ತೂಕವನ್ನು ಅರ್ಧ ಗಂಟೆಯಲ್ಲಿ ಮರಳಿಸುತ್ತವೆ.

ಟ್ರ್ಯಾಕಿನಲ್ಲಿ ಸ್ಪರ್ಧಿಸುವ ವಿದ್ಯಾರ್ಥಿಗಳು ನಿಯಮವನ್ನೂ ತಿಳಿದಿರಬೇಕು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟಕ್ಕೆ ಸೋಲಿನ ದಪ್ಪವನ್ನು 40 ಮಿಲಿಮೀಟರಿಗೆ ಮಿತಿಗೊಳಿಸಿದೆ; ಟ್ರ್ಯಾಕಿಗೆ 2024ರ ನವೆಂಬರ್‌ನಿಂದ 20 ಮಿಲಿಮೀಟರ್. 2021ರ ವಿಯೆನ್ನಾ ಮ್ಯಾರಥಾನಿನಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದ ಇಥಿಯೋಪಿಯಾದ ಡೆರಾರ ಹುರಿಸ, ಸೋಲ್ ಒಂದು ಸೆಂಟಿಮೀಟರ್ ಹೆಚ್ಚು ದಪ್ಪವಿದ್ದ ಕಾರಣಕ್ಕೆ ಗೆಲುವನ್ನೇ ಕಳೆದುಕೊಂಡರು. ನಮ್ಮ ಸಿಂಥೆಟಿಕ್ ಟ್ರ್ಯಾಕುಗಳಲ್ಲಿ ಓಡುವ ಮಕ್ಕಳ ತಂದೆತಾಯಿಗಳಲ್ಲಿ, ದೈಹಿಕ ಶಿಕ್ಷಕರಲ್ಲಿ ಇದಕ್ಕಾಗಿಯೇ ಒಂದು ವಿನಂತಿ. ಮಗುವಿಗೆ ದುಬಾರಿ ದಪ್ಪ ಸೋಲಿನ ಶೂ ಕೊಡಿಸಲು ಸಾಲ ಮಾಡಬೇಡಿ, ಟ್ರ್ಯಾಕಿನ ಸ್ಪರ್ಧೆಗೆ ಅದು ಸಲ್ಲುವುದೇ ಇಲ್ಲ. ಕಾಲಿಗೆ ಸರಿಯಾಗಿ ಕೂರುವ ಹಗುರ ಶೂ ಒಂದು ಜೊತೆ ಕೊಡಿಸಿ, ಅದನ್ನು ವೇಗದ ದಿನಗಳಿಗೆ ಮೀಸಲಿಡಿ. ಸ್ಪರ್ಧೆಗೆ ಮೊದಲು ಕನಿಷ್ಠ ಮೂರು ಬಾರಿಯಾದರೂ ಸ್ಪರ್ಧೆಯ ವೇಗದಲ್ಲೇ ಅದರಲ್ಲಿ ಓಡಿಸಿ.