ಗಣಕದ ಅಂಗಸಂಯೋಜನೆ

ಸಿದ್ಧವಾದ ಗಣಕಯಂತ್ರವನ್ನು ಕೊಳ್ಳದೆ, ಅದರ ಅಂಗಗಳನ್ನು ಒಂದೊಂದಾಗಿ ಆರಿಸಿ ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕೆಂಬ ಉತ್ಸಾಹದಿಂದ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಸಾಲಿಗೆ ಬರುವವರು, ತಂದ ಹಣದಲ್ಲಿ ಸಿಂಹಪಾಲನ್ನು ಪ್ರೊಸೆಸರಿಗೂ, ಉಳಿದುದರಲ್ಲಿ ಬಹುಭಾಗವನ್ನು ಬಣ್ಣದ ದೀಪಗಳು ಮಿನುಗುವ ಕ್ಯಾಬಿನೆಟ್ಟಿಗೂ ಮೀಸಲಿಟ್ಟು, ಪವರ್ ಸಪ್ಲೈಯ ಸರದಿ ಬಂದಾಗ ‘ಇದ್ದುದರಲ್ಲಿ ಅಗ್ಗದ್ದನ್ನೇ ಕೊಡಿ’ ಎಂದುಬಿಡುವುದುಂಟು. ಕಣ್ಣಿಗೆ ಕಾಣುವುದಕ್ಕೆ ಹಣ ತೆರುವುದು ಮನುಷ್ಯಸ್ವಭಾವವೇ ಸರಿ. ಆದರೆ ಈ ಯಂತ್ರದ ಗುಣಾವಗುಣಗಳು ಬಹುಮಟ್ಟಿಗೆ ನಿರ್ಣಯವಾಗುವುದು ಕಣ್ಣಿಗೆ ಕಾಣದ ಎರಡು ಸಂಗತಿಗಳಿಂದ: ಒಂದು ಅಂಗ ಇನ್ನೊಂದಕ್ಕಾಗಿ ಎಷ್ಟು ಹೊತ್ತು ಕಾಯುತ್ತದೆ, ಹುಟ್ಟಿದ ಶಾಖ ಎಷ್ಟು ಬೇಗ ಹೊರಬೀಳುತ್ತದೆ.

ಐದು ಗಿಗಾಹರ್ಟ್ಸ್ ವೇಗದ ಪ್ರೊಸೆಸರು ಸೆಕೆಂಡಿಗೆ 500 ಕೋಟಿ ಬಾರಿ ಮಿಡಿಯುತ್ತದೆ. ಒಂದು ಮಿಡಿತಕ್ಕೂ ಮತ್ತೊಂದಕ್ಕೂ ನಡುವೆ ಬೆಳಕಾದರೂ ಆರು ಸೆಂಟಿಮೀಟರಿಗಿಂತ ದೂರ ಹೋಗಲಾರದು. ಇಂಥ ಚುರುಕಿನ ಯಂತ್ರವು, ತನ್ನೊಡಲಲ್ಲಿಯೇ ಇರುವ ಕ್ಯಾಶ್ ಎಂಬ ಕಿರುಸ್ಮೃತಿಯಲ್ಲಿ ಬೇಕಾದ ದತ್ತಾಂಶ ಸಿಗದೆ ರ‍್ಯಾಮಿಗೆ ಮೊರೆಹೋಗಬೇಕಾಗಿ ಬಂದರೆ, ಎಂಬತ್ತು ನ್ಯಾನೋಸೆಕೆಂಡಿನ ಆಸುಪಾಸು, ಅಂದರೆ ತನ್ನ ನಾನೂರು ಮಿಡಿತಗಳಷ್ಟು ಕಾಲ ಕಾದಿರಬೇಕು. ಅಲ್ಲಿಯೂ ಇಲ್ಲದೆ, ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅರಸಬೇಕಾದರಂತೂ, ತಟ್ಟೆಯ ತಕ್ಕ ಭಾಗ ಓದುವ ತುದಿಯ ಕೆಳಗೆ ಬರುವುದಕ್ಕೇ ಸರಾಸರಿ ಅರ್ಧ ಸುತ್ತು, ಎಂದರೆ ನಾಲ್ಕು ಮಿಲಿಸೆಕೆಂಡಿಗೂ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಪ್ರೊಸೆಸರು ಎರಡು ಕೋಟಿ ಬಾರಿ ಮಿಡಿದು ಮುಗಿಸಿರುತ್ತದೆ. ಬೇರೆ ಕೆಲಸವಿದ್ದರೆ ಅದು ಆ ಹೊತ್ತಿನಲ್ಲಿ ಅದನ್ನು ಮಾಡಿಕೊಂಡಿರುವುದು ನಿಜವಾದರೂ, ಪರದೆಯ ಮುಂದೆ ಕುಳಿತು ಕಡತ ತೆರೆಯಲೆಂದು ಕಾದಿರುವಾತನಿಗೆ ಅದರಿಂದ ಪ್ರಯೋಜನವಿಲ್ಲ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎನ್‌ವಿಎಂಇ ಎಸ್‌ಎಸ್‌ಡಿ ಪಟ್ಟಿಯಲ್ಲಿ ತಿರುಗುವ ಭಾಗವೇ ಇಲ್ಲವಾದುದರಿಂದ ಈ ಕಾಯುವಿಕೆ ಕೆಲವು ಹತ್ತು ಮೈಕ್ರೋಸೆಕೆಂಡುಗಳಿಗೆ ಇಳಿಯುತ್ತದೆ. ಲೆಕ್ಕ ಬರೆಯುವ, ಲೇಖನ ಟೈಪು ಮಾಡುವ ಮನೆಗಳಲ್ಲಿ ಪ್ರೊಸೆಸರಿನ ದರ್ಜೆಯನ್ನು ಒಂದು ಮೆಟ್ಟಲು ಇಳಿಸಿಯಾದರೂ ಎಸ್‌ಎಸ್‌ಡಿಯನ್ನು ಕೊಳ್ಳತಕ್ಕದ್ದೆಂಬುದು ನನ್ನ ಅಭಿಮತ. ರ‍್ಯಾಮಿನಲ್ಲಿಯೂ 32 ಜಿಬಿಯ ಒಂದೇ ಸ್ಟಿಕ್ಕಿಗಿಂತ 16ರ ಎರಡು ಮೇಲು. ದತ್ತಾಂಶಕ್ಕೆ ಎರಡು ಮಾರ್ಗಗಳು ತೆರೆಯುತ್ತವೆ. ನಾಲ್ಕು ಸ್ಲಾಟುಗಳಿದ್ದರೆ ಸಾಮಾನ್ಯವಾಗಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು.

ಅಂಗಗಳ ಪರಸ್ಪರ ಹೊಂದಾಣಿಕೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಎಎಂಡಿಯವರು 2022ರಲ್ಲಿ ತಂದ ಎಎಂ5 ಸಾಕೆಟ್ಟಿಗೆ ಹಳೆಯ ಎಎಂ4 ಪ್ರೊಸೆಸರು ಕೂರುವುದಿಲ್ಲ. ಹಳೆಯದರಲ್ಲಿ ಪ್ರೊಸೆಸರಿನ ಅಡಿಯಲ್ಲಿದ್ದ ಪಿನ್ನುಗಳು ಹೊಸದರಲ್ಲಿ 1718 ಸಂಖ್ಯೆಯಲ್ಲಿ ಮದರ್‌ಬೋರ್ಡಿಗೇ ವರ್ಗವಾಗಿವೆ, ಮತ್ತು ಅವುಗಳಲ್ಲಿ ಒಂದು ಬಾಗಿದರೂ ಬೋರ್ಡು ಕೆಲಸಕ್ಕೆ ಬಾರದೆ ಹೋಗಬಹುದು. ರ‍್ಯಾಮಿನ ಬಗೆಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳೇ ಇದ್ದರೂ, ಒಂದು 1.2 ವೋಲ್ಟಿನಲ್ಲಿಯೂ ಇನ್ನೊಂದು 1.1 ವೋಲ್ಟಿನಲ್ಲಿಯೂ ನಡೆಯುವುದರಿಂದ, ಅದಲುಬದಲಾಗದಿರಲೆಂದು ಅಂಚಿನ ಕಚ್ಚನ್ನೇ ಬೇರೆ ಕಡೆ ಕೊರೆದಿದ್ದಾರೆ. ಇಂಟೆಲ್ ಪ್ರೊಸೆಸರಿನ ಅಂಕಿಯ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ; ಬೆಲೆ ಕಡಿಮೆಯೆಂದು ಅದನ್ನು ತಂದು, ಬೇರೆ ಗ್ರಾಫಿಕ್ಸ್ ಕಾರ್ಡನ್ನು ತಾರದೆ ಇದ್ದವರಿಗೆ ಮಾನಿಟರಿನಲ್ಲಿ ಏನೂ ಕಾಣಿಸದು.

ಇನ್ನು ಶಾಖದ ವಿಚಾರ. ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರು ಪ್ರತಿ ಸಲ ತೆರೆದು ಮುಚ್ಚಿದಾಗಲೂ ಅತ್ಯಲ್ಪವಾದ ವಿದ್ಯುದಾವೇಶವೊಂದು ತುಂಬಿ ಬರಿದಾಗುತ್ತದೆ. ಇದರಿಂದ ಹುಟ್ಟುವ ಶಾಖವು ಮಿಡಿತದ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 2000ದಲ್ಲಿ ಒಂದು ಗಿಗಾಹರ್ಟ್ಸ್ ಮುಟ್ಟಿದ ಮನೆಯ ಪ್ರೊಸೆಸರು 2002ರ ಕೊನೆಗೇ ಮೂರನ್ನು ದಾಟಿತಾದರೂ, ಆರನ್ನು ಮುಟ್ಟಲು 2023ರವರೆಗೆ ಕಾಯಬೇಕಾಯಿತೆಂಬುದಕ್ಕೆ ಮುಖ್ಯ ಕಾರಣ ಈ ಶಾಖವೇ. ಅದನ್ನು ಹೊರಸಾಗಿಸುವ ದಾರಿಯ ಇಕ್ಕಟ್ಟಾದ ಸ್ಥಳವೊಂದು ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಉಂಟು. ಬರಿಗಣ್ಣಿಗೆ ಕನ್ನಡಿಯಂತೆ ತೋರುವ ಆ ಎರಡು ಮೈಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಗ್ಗುದಿಣ್ಣೆಗಳೇ ಕಾಣುತ್ತವೆ. ತಗ್ಗುಗಳಲ್ಲಿ ಸಿಕ್ಕಿಕೊಂಡ ಗಾಳಿಯ ಶಾಖವಾಹಕತೆ ತಾಮ್ರದ್ದರಲ್ಲಿ ಹತ್ತು ಸಾವಿರದ ಒಂದು ಪಾಲೂ ಇಲ್ಲ. ಥರ್ಮಲ್ ಪೇಸ್ಟು ಆ ಗಾಳಿಯನ್ನು ತಳ್ಳಿ ಅದರ ಜಾಗದಲ್ಲಿ ನಿಲ್ಲುತ್ತದೆ. ಆದರೆ ತಾಮ್ರದ ಮುಂದೆ ಅದೂ ಮಂದವಾಹಕವೇ ಆದುದರಿಂದ ಬಟಾಣಿಕಾಳಿನಷ್ಟು ಸಾಕು, ಧಾರಾಳತನ ಸಲ್ಲದು. ಕೂಲರಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕೀಳದೆಯೇ ಕೂರಿಸಿ, ಯಂತ್ರ ಬಿಸಿಯಾಗುತ್ತದೆಂದು ದೂರುವವರೂ ಉಂಟೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಫ್ಯಾನು ಎಷ್ಟೇ ದೊಡ್ಡದಾಗಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ಕಲಬುರಗಿಯ ಮೇ ತಿಂಗಳಿನಲ್ಲಿ ಕ್ಯಾಬಿನೆಟ್ಟಿನ ಮುಂಭಾಗವನ್ನು ಗಾಜಿನಿಂದ ಮುಚ್ಚಿಸಿಕೊಳ್ಳುವ ಬದಲು ಜಾಲರಿಯದನ್ನು ಕೊಳ್ಳುವುದು ವಿವೇಕ.

ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ಪವರ್ ಸಪ್ಲೈಯ ಒಳಗೆ ನಡೆಯುವ ವ್ಯಾಪಾರವು ಉಳಿದೆಲ್ಲ ಅಂಗಗಳಿಗಿಂತ ನನಗೆ ಸ್ವಾರಸ್ಯವಾಗಿ ಕಂಡಿದೆ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಅದು ಮೊದಲು ನೇರವಾಗಿಸಿ, ಸುಮಾರು 400 ವೋಲ್ಟಿಗೆ ಏರಿಸಿ, ದಪ್ಪನೆಯ ಕೆಪ್ಯಾಸಿಟರಿನಲ್ಲಿ ಶೇಖರಿಸಿ, ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟಿಗೆ ಇಳಿಸುತ್ತದೆ. ಅಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಟ್ರಾನ್ಸ್‌ಫಾರ್ಮರು ಅಷ್ಟು ಚಿಕ್ಕದಾಗಿರುವುದು ಸಾಧ್ಯ. ಈ ಪರಿವರ್ತನೆಯಲ್ಲಿ ದಕ್ಷತೆ ಶೇಕಡಾ 80 ಆಗಿದ್ದರೆ, 300 ವಾಟ್ ಬೇಡುವ ಗಣಕಕ್ಕೆ ಗೋಡೆಯಿಂದ 375 ವಾಟ್ ಸೆಳೆದು 75ನ್ನು ಶಾಖವಾಗಿ ಕಳೆಯುತ್ತದೆ. 90 ಆಗಿದ್ದರೆ ನಷ್ಟ 33 ವಾಟ್ ಮಾತ್ರ. ಪೆಟ್ಟಿಗೆಯ ಮೇಲಿನ ‘80 ಪ್ಲಸ್’ ಮುದ್ರೆ ಹೇಳುವುದು ಇಷ್ಟನ್ನೇ. ಭಾರ ಹಠಾತ್ತನೆ ಏರಿದಾಗ ವೋಲ್ಟೇಜು ಕದಲದೆ ನಿಲ್ಲುವುದೇ, ಶಾರ್ಟ್ ಸರ್ಕ್ಯೂಟ್ ಆದರೆ ತಾನಾಗಿ ಆರುವುದೇ ಎಂಬುದನ್ನು ಆ ಮುದ್ರೆಯಿಂದ ತಿಳಿಯಲಾಗದು. ಅಗ್ಗದ ಪೆಟ್ಟಿಗೆ ಕೆಟ್ಟಾಗ ಕೆಲವೊಮ್ಮೆ ತಾನೊಂದೇ ಹೋಗದೆ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯುವುದು ಇಂಥ ರಕ್ಷಣೆ ಅದರಲ್ಲಿ ಇಲ್ಲದಿರುವುದರಿಂದಲೇ.

ಮೇಲೆ ಹೇಳಿದ ಕೆಪ್ಯಾಸಿಟರಿನಿಂದ ಇನ್ನೊಂದು ಉಪಕಾರವುಂಟು. ವಿದ್ಯುತ್ತು ಹೋದ ಮೇಲೆಯೂ ಅದರಲ್ಲಿನ ಶೇಖರವು ಗಣಕವನ್ನು ಸುಮಾರು 16 ಮಿಲಿಸೆಕೆಂಡುಗಳ ಕಾಲ ನಡೆಸಬಲ್ಲುದಾದುದರಿಂದ, ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಯಾಟರಿಗೆ ಬದಲಾಗುವ ಯುಪಿಎಸ್ ಆ ಅವಕಾಶದೊಳಗೆ ಭಾರವನ್ನು ಹೊತ್ತುಕೊಳ್ಳುತ್ತದೆ. (ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಕುತೂಹಲ ಮಾತ್ರ ಬೇಡ, ಪ್ಲಗ್ ಕಿತ್ತ ನಂತರವೂ ಆ ಶೇಖರ ಪ್ರಾಣಾಪಾಯಕಾರಿ.) ಆದರೆ ಅಗ್ಗದ ಯುಪಿಎಸ್ ಕೊಡುವ ವಿದ್ಯುತ್ತಿನ ತರಂಗ ಮೆಟ್ಟಲುಮೆಟ್ಟಲಾಗಿರುವುದರಿಂದ ಈಗಿನ ಕೆಲವು ಪವರ್ ಸಪ್ಲೈಗಳು ಅದನ್ನು ಒಪ್ಪದೆ ಆರಿಹೋಗುತ್ತವೆ. ಆದುದರಿಂದ ಯುಪಿಎಸ್ ಕೊಳ್ಳುವಾಗ ಎಷ್ಟು ನಿಮಿಷ ಬ್ಯಾಕಪ್ ಎಂದು ವಿಚಾರಿಸುವುದಕ್ಕೆ ಮುನ್ನ, ‘ಪ್ಯೂರ್ ಸೈನ್‌ವೇವ್ ಇದೆಯೇ’ ಎಂದು ಕೇಳತಕ್ಕದ್ದು.