ಫ್ರೆಂಚ್ ಬಾರದ ಫ್ರೆಂಚ್ ಚಾಂಪಿಯನ್

ಸ್ಕ್ರ್ಯಾಬಲ್ ಬೋರ್ಡಿನ ಜೊತೆಗೇ ಒಂದು ತೀರ್ಪೂ ಮನೆಯೊಳಗೆ ಬರುತ್ತದೆ: ಇದು ಇಂಗ್ಲಿಷ್ ಚೆನ್ನಾಗಿ ಬಲ್ಲವರ ಆಟ. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಗೆಲ್ಲುವುದು ಖಾತ್ರಿ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಕನ್ನಡ ಮಾಧ್ಯಮದ ಚಿಕ್ಕಪ್ಪ ‘ನಂಗೆ ಬರಲ್ಲಪ್ಪ, ನೀವೇ ಆಡ್ಕೊಳಿ’ ಎಂದು ಎದ್ದು ಹೋಗುತ್ತಾರೆ. ಇಷ್ಟು ಸಲ ಸುಳ್ಳೆಂದು ಸಾಬೀತಾಗಿಯೂ ಇಷ್ಟು ಗಟ್ಟಿಯಾಗಿ ಬೇರೂರಿದ ನಂಬಿಕೆ ಈ ಆಟದಲ್ಲಿ ಇನ್ನೊಂದಿಲ್ಲ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಬೆಲ್ಜಿಯಂನಲ್ಲಿ ನಡೆದ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಆಗ ಅವರಿಗೆ ಫ್ರೆಂಚಿನಲ್ಲಿ ನಾಲ್ಕು ಮಾತಾಡಲೂ ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರ ಕೂತು ಪದಪಟ್ಟಿ ಬಾಯಿಪಾಠ ಮಾಡಿದ್ದರು, ಅಷ್ಟೇ. ಅರ್ಥದ ಗೊಡವೆಗೆ ಹೋಗಿರಲಿಲ್ಲ. 2018ರಲ್ಲಿ ಅದೇ ಪ್ರಶಸ್ತಿ ಮತ್ತೆ ಅವರದಾಯಿತು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಗೆದ್ದರು. ಆ ಭಾಷೆಯೂ ಅವರಿಗೆ ಬಾರದು.

‘ಅವನು ಬಿಡ್ರೀ, ಹುಟ್ಟಾ ಮೇಧಾವಿ’ ಎನ್ನುವವರು ತಕ್ಷಣ ಸಿಗುತ್ತಾರೆ. ಹಾಗಾದರೆ ಥಾಯ್ಲೆಂಡನ್ನು ಏನೆನ್ನುವುದು? ಇಂಗ್ಲಿಷ್ ಮನೆಮಾತಲ್ಲದ ಆ ದೇಶದ ಪನುಪೋಲ್ ಸುಜ್ಜಯಕೋರ್ನ್ 2003ರಲ್ಲಿ, ಪಕೋರ್ನ್ ನೆಮಿತ್ರಮನ್ಸುಕ್ 2009ರಲ್ಲಿ ಇಂಗ್ಲಿಷ್ ಸ್ಕ್ರ್ಯಾಬಲ್ಲಿನ ವಿಶ್ವ ಚಾಂಪಿಯನ್ನರಾದರು. ಅಷ್ಟೇಕೆ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಈ ಆಟವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್‌ಗೇ ಸ್ಪೆಲಿಂಗ್ ಅಷ್ಟಕ್ಕಷ್ಟೆ. ಅವರು ಮಾಡಿದ್ದು ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದರ ಮೇಲೆ ಅಕ್ಷರದ ಬಿಲ್ಲೆಗಳ ಸಂಖ್ಯೆ, ಬೆಲೆ ಗೊತ್ತುಮಾಡಿದ್ದು. ಹುಟ್ಟಿನಿಂದಲೇ ಇದು ಎಣಿಕೆಯ ಆಟ.

ಲೆಕ್ಕ ಹೀಗಿದೆ. ‘ಗಾರ್ಡನ್’ ಎಂದು ಇಂಗ್ಲಿಷಿನ ಆರು ಬಿಲ್ಲೆ ಸುರಿದು ಸಾಮಾನ್ಯ ಮನೆಗಳಲ್ಲಿ ಜೋಡಿಸಿದರೆ ಸಿಗುವುದು 8 ಅಂಕ. ಅದೇ ಬೋರ್ಡಿನಲ್ಲಿ, ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವ ಮನೆಯ ಎಡಕ್ಕೆ ‘ಇ’, ಮೇಲಕ್ಕೆ ‘ಒ’ ಇದ್ದು, ಆ ಮನೆಯಲ್ಲಿ ಒಂದೇ ಒಂದು ‘ಎಕ್ಸ್’ ಇಟ್ಟರೆ ಅಡ್ಡಕ್ಕೆ ‘ಎಕ್ಸ್’ (ex), ಉದ್ದಕ್ಕೆ ‘ಆಕ್ಸ್’ (ox) ಎಂಬ ಎರಡು ಪದ. ತಲಾ 25, ಒಟ್ಟು 50. ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲ ಇಟ್ಟವರಿಗೆ ಕೊಡುವ ಬೋನಸ್ಸೂ ಅಷ್ಟೇ. ಇದನ್ನು ಕಾಣಲು ಶೇಕ್ಸ್‌ಪಿಯರ್ ಓದಿರಬೇಕಾಗಿಲ್ಲ.

ಇನ್ನೊಂದು ಗುಟ್ಟು ಬೋರ್ಡಿನ ಮೇಲಿಲ್ಲ, ಬಿಲ್ಲೆ ಇಟ್ಟುಕೊಳ್ಳುವ ರ‍್ಯಾಕಿನಲ್ಲಿದೆ. ಹೊಸಬರು ಇಟ್ಟ ಪದವನ್ನು ನೋಡಿ ಹಿಗ್ಗುತ್ತಾರೆ, ಪಳಗಿದವರು ಉಳಿದ ಅಕ್ಷರಗಳನ್ನು ನೋಡುತ್ತಾರೆ. 20 ಅಂಕ ಗಳಿಸಿ ಕೈಯಲ್ಲಿ ಎರಡು ‘ವಿ’, ಎರಡು ‘ಯು’ ಉಳಿಸಿಕೊಳ್ಳುವುದಕ್ಕಿಂತ, 15ಕ್ಕೆ ತೃಪ್ತರಾಗಿ ‘ಇ’, ‘ಆರ್’, ‘ಎಸ್’ ಉಳಿಸಿಕೊಂಡವರು ಮುಂದಿನ ಸರದಿಯಲ್ಲಿ ಏಳೂ ಇಡುವ ಸಂಭವ ಹೆಚ್ಚು. ಸ್ಪರ್ಧಿಗಳು ತಮ್ಮ ಆಟವನ್ನು ತಪಾಸಣೆ ಮಾಡಲು ಬಳಸುವ ಕ್ವಾಕಲ್ ಎಂಬ ಉಚಿತ ತಂತ್ರಾಂಶವೂ ಗಳಿಸಿದ ಅಂಕದ ಜೊತೆಗೆ ಉಳಿದ ಬಿಲ್ಲೆಗಳ ಬೆಲೆಯನ್ನು ಸೇರಿಸಿಯೇ ನಡೆಯನ್ನು ತೂಗುತ್ತದೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಬಿಲ್ಲೆ ಬದಲಾಯಿಸುವುದು ಸೋಲಲ್ಲ. ಚೀಲದಲ್ಲಿ ಕನಿಷ್ಠ ಏಳು ಇರುವಾಗ ಚಾಂಪಿಯನ್ನರೂ ಬದಲಾಯಿಸುತ್ತಾರೆ. ‘ಕ್ಯೂ’ಗೆ ‘ಯು’ ಬೇಕೇಬೇಕೆಂದು ಕಾಯುವವರಿಗೆ ‘ಚೀ’ (qi) ಎಂದು ಉಚ್ಚರಿಸುವ ಎರಡಕ್ಷರದ ಚೀನೀ ಮೂಲದ ಪದ ಪಟ್ಟಿಯಲ್ಲಿರುವುದು ಗೊತ್ತಿಲ್ಲ. ನೂರರಲ್ಲಿ ನಾಲ್ಕೇ ಇರುವ ‘ಎಸ್’ ಅನ್ನು ನಾಲ್ಕಂಕದ ಬಹುವಚನಕ್ಕೆ ಸುಡುವುದು ಶುದ್ಧ ದುಂದು. ಅದೃಷ್ಟ ಇದೆ, ನಿಜ; ಆದರೆ ರಿಚರ್ಡ್ಸ್ 2007, 2011, 2013, 2018ರಲ್ಲೆಲ್ಲ ಇಂಗ್ಲಿಷ್ ವಿಶ್ವ ಪ್ರಶಸ್ತಿ ಗೆದ್ದದ್ದು ಬರೀ ಅದೃಷ್ಟವಾಗಿರಲಿಕ್ಕಿಲ್ಲ.

ಇಷ್ಟೆಲ್ಲ ಕಣ್ಣೆದುರಿಗಿದ್ದೂ ನಂಬಿಕೆ ಅಲ್ಲಾಡುವುದಿಲ್ಲ. ಇಂಗ್ಲಿಷ್ ಬಂದವರೇ ಬುದ್ಧಿವಂತರೆಂಬ ಹಳೆಯ ಅಳುಕು ನಮ್ಮ ಮಧ್ಯಮವರ್ಗದಲ್ಲಿ ಹೋಗಿಲ್ಲ. ಬುದ್ಧಿ ದುಡ್ಡಿಗೆ ಸಿಗುತ್ತದೆಂಬ ಭ್ರಮೆಯೂ ಅದರ ಬೆನ್ನಿಗಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳಿಂದ ಓದಿಸುವ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಕ್ಲಾಸುಗಳಿಗೆ ಸಾವಿರಾರು ರೂಪಾಯಿ ಸುರಿದವರು ಇದೇ ಅಪ್ಪ-ಅಮ್ಮಂದಿರು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಾರೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಯಲು ಮಾಡಿದ ಮೇಲೂ ಫೀಸು ಕಟ್ಟುವವರು ಕಟ್ಟಿದರು. ಪುಕ್ಕಟೆ ಸಿಗುವ ಪದಪಟ್ಟಿಯನ್ನು ಕಲಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಆಟ ಸುಧಾರಿಸಬೇಕೆನ್ನುವವರು ದಪ್ಪ ನಿಘಂಟು ಕೊಳ್ಳಬೇಡಿ. ನಿಘಂಟು ಪ್ರಕಾಶಕ ಕಾಲಿನ್ಸ್‌ನ 2019ರ ಸ್ಕ್ರ್ಯಾಬಲ್ ಪದಪಟ್ಟಿಯಲ್ಲಿ ಎರಡಕ್ಷರದ ಪದಗಳಿರುವುದು 127, ಒಂದು ಹಾಳೆಯಷ್ಟು. ಮೊದಲು ಅವನ್ನು ಕಲಿಯಿರಿ, ಆಮೇಲೆ ‘ಯು’ ಇಲ್ಲದ ‘ಕ್ಯೂ’ ಪದಗಳನ್ನು, ನಂತರ ಮೂರಕ್ಷರದವನ್ನು. ಅರ್ಥ ಬೇಕೆನಿಸಿದರೆ ಬಿಡುವಾದಾಗ ನೋಡಿಕೊಂಡರಾಯಿತು.